ಬ್ಯಾರನ್ ಪೈಪ್ ಕೆಂಪಗಾಗ್ತಿದೆ, ಸೌದೆಯೂ ಜಾಸ್ತಿ ತಿಂತಿದೆ. ಏನು ಮಾಡಬೇಕು?

ಪ್ರಶ್ನೆ (ಕೆಂಪುಮಣ್ಣು):
ಹೊಗೆಸೊಪ್ಪಿನ ಬ್ಯಾರನ್ (ಸೊಪ್ಪನ್ನು ಬಿಸಿಯಲ್ಲಿ ಬೇಯಿಸಿ ಒಣಗಿಸೋ ಮನೆ), 16×16 ಅಡಿ, ಸೌದೆ ಒಲೆ, ಒಲೆಯ ಬಿಸಿಯನ್ನು ಒಳಗೆಲ್ಲಾ ಸುತ್ತಿಸೋ ತಗಡಿನ ಪೈಪು. ಸೊಪ್ಪು ಹಳದಿಗೆ ತಿರುಗೋವರೆಗೂ ತೊಂದರೆ ಇಲ್ಲ. ದಂಟು ಒಣಗಿಸುವಾಗ 150 ಡಿಗ್ರಿ ಫ್ಯಾರನ್‌ಹೀಟ್ ದಾಟಿಸೋಕೆ ಒಲೆ ತುಂಬ ಸೌದೆ ತುರುಕಬೇಕು. ಒಲೆ ಹತ್ತಿರದ ಪೈಪ್ ಕತ್ತಲಲ್ಲಿ ಕೆಂಪಗೆ ಕಾಣುತ್ತೆ, ಒಳಗೆ ಹೊಗೆ ವಾಸನೆ ಬೇರೆ. ಪೈಪ್ ಬದಲಿಸಬೇಕಾ?

ಹಳೇಒಲೆ:
ಪೈಪ್ ಬದಲಿಸೋ ಮುಂಚೆ ಮಸಿ ತೆಗೀರಿ. ಒಳಗೆ ಮಸಿ ಕಟ್ಟಿದ ಪೈಪ್ ಕಂಬಳಿ ಹೊದ್ದ ಹಾಗೆ, ಬಿಸಿ ಬ್ಯಾರನ್‌ಗೆ ಇಳಿಯದೆ ಚಿಮಣಿಯಲ್ಲಿ ಹೋಗುತ್ತೆ. ಅದನ್ನು ತುಂಬೋಕೆ ನೀವು ಬೆಂಕಿ ದೊಡ್ಡದು ಮಾಡ್ತೀರಿ, ಜ್ವಾಲೆ ನೇರ ಬಡಿಯೋ ಮೊದಲ ಪೈಪ್ ಕೆಂಪಾಗುತ್ತೆ. ಒಲೆ ಪೂರ್ತಿ ಆರಿದ ಮೇಲೆ ಮೂಲೆಯ ಬೆಂಡ್‌ಗಳನ್ನು ಬಿಚ್ಚಿ, ಉದ್ದ ಕೋಲಿಗೆ ಗೋಣಿ ಸುತ್ತಿ ಎಳೆಯಿರಿ. ಮಸಿ ಹೆಚ್ಚು ಕೂರೋದು ಬೆಂಡ್‌ನಲ್ಲಿ ಮತ್ತು ಚಿಮಣಿಯ ಬುಡದಲ್ಲಿ.

ಆಮೇಲೆ ಒಲೆಯ ಕಂಬಿಗಳನ್ನು ನೋಡಿ. ಬೂದಿ ತುಂಬಿ ಸಂದು ಮುಚ್ಚಿದ್ರೆ ಕೆಳಗಿಂದ ಗಾಳಿ ಏರಲ್ಲ. ಆಗ ಎಲ್ಲರೂ ಮಾಡೋ ತಪ್ಪು, ಸೌದೆ ಹಾಕೋ ಬಾಗಿಲನ್ನೇ ತೆರೆದಿಡೋದು. ಆ ತಣ್ಣನೆ ಗಾಳಿ ಬೆಂಕಿಯ ಮೇಲಿಂದ ಹಾದು ಪೈಪನ್ನೇ ತಣ್ಣಗೆ ಮಾಡುತ್ತೆ. ಮೇಲಿನ ಬಾಗಿಲು ಮುಚ್ಚಿರಲಿ, ಉರಿಯನ್ನು ಕೆಳಗಿನ ಬೂದಿ ಬಾಗಿಲಲ್ಲೇ ಹೆಚ್ಚು ಕಡಿಮೆ ಮಾಡಿ. ಚಿಮಣಿಯಲ್ಲಿ ಕಪ್ಪು ಹೊಗೆ ಬಂದ್ರೆ ಗಾಳಿ ಸಾಲದು ಅಂತ ಅರ್ಥ. ತೆಗೆದ ಬೂದಿಯನ್ನು ಸೌದೆ ರಾಶಿ ಪಕ್ಕ ಸುರೀಬೇಡಿ, ಒಳಗಿನ ಕೆಂಡ ಮಾರನೇ ದಿನವೂ ಜೀವಂತ ಇರುತ್ತೆ.

ಇನ್ನು ಸೌದೆ. ನಮ್ಮ ಕಡೆ ಸೊಪ್ಪು ಬೇಯಿಸೋದೇ ಮಳೆಗಾಲದಲ್ಲಿ. ಹಸಿ ಸೌದೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು, ಅದನ್ನು ಆವಿ ಮಾಡೋಕೇ ಉರಿ ಖರ್ಚಾಗುತ್ತೆ, ಮಸಿಯೂ ಅದರಿಂದಲೇ. ಬೇಸಿಗೆಯಲ್ಲೇ ಸೀಳಿ, ಮೇಲೆ ಸೂರು ಹಾಕಿ, ನೆಲದಿಂದ ಎತ್ತರಿಸಿ ಪೇರಿಸಿ. ತುಂಡು ಮುಂಗೈ ದಪ್ಪ ಇದ್ರೆ ಸಾಕು. ಬೊಡ್ಡೆ ಹಾಗೇ ತುರುಕಿದ್ರೆ ಒಂದು ಹೊತ್ತು ಹೊಗೆ, ಇನ್ನೊಂದು ಹೊತ್ತು ಭುಗಿಲು.

ಮಣ್ಣುಮೆತ್ತು:
ಹೊಗೆ ವಾಸನೆಯನ್ನು ಹಗುರವಾಗಿ ತಗೋಬೇಡಿ. ಸೊಪ್ಪು ಕೆಡೋದು ಆಮೇಲಿನ ಮಾತು, ಆ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್ ಇರುತ್ತೆ. ಥರ್ಮಾಮೀಟರ್ ನೋಡೋಕೆ ಅಂತ ಒಳಗೆ ಹೋದವರಿಗೆ ತಲೆ ಸುತ್ತಿದ್ರೆ ತಕ್ಷಣ ಹೊರಗೆ ಬರಬೇಕು. ಖಾಲಿ ಬ್ಯಾರನ್‌ನಲ್ಲೇ ಪರೀಕ್ಷಿಸಿ: ಬಾಗಿಲು, ಕಿಂಡಿ ಎಲ್ಲಾ ತೆರೆದು, ಚಿಮಣಿ ತುದಿಗೆ ಒದ್ದೆ ಗೋಣಿ ಹೊದಿಸಿ, ಒಲೆಯಲ್ಲಿ ಒಂದು ಹಿಡಿ ಒದ್ದೆ ಹುಲ್ಲು ಹೊಗೆಯಾಡಿಸಿ. ಬಾಗಿಲಲ್ಲೇ ನಿಂತು ಟಾರ್ಚ್ ಹಾಕಿದ್ರೆ ಯಾವ ಜೋಡಣೆ ಸೋರುತ್ತೆ ಅಂತ ಕಾಣುತ್ತೆ. ಅಲ್ಲಿಗೆ ಜೇಡಿಮಣ್ಣಿಗೆ ಮರಳು ಬೆರೆಸಿ ಮೆತ್ತಿ. ಬರೀ ಜೇಡಿ ಒಣಗಿದಾಗ ಬಿರುಕು ಬಿಡುತ್ತೆ. ತಗಡು ತೂತಾಗಿದ್ರೆ ಮಾತ್ರ ಆ ತುಂಡು ಬದಲಿಸಿ.

ಕೆಂಪುಮಣ್ಣು:
ಪೈಪ್ ಮೇಲೆ ತಂತಿ ಜಾಲರಿ ಹಾಕಿ ಅಂತಾರೆ. ಬಿಸಿ ತಡೆಯಲ್ವಾ?

ಕಡ್ಡಿಸೊಪ್ಪು:
ಜಾಲರಿ ತಡೆಯಲ್ಲ, ಅದರ ಮೇಲೆ ಬಿದ್ದ ಸೊಪ್ಪು ತಡೆಯುತ್ತೆ. ಪ್ರತಿ ಸಲ ಸೊಪ್ಪು ಇಳಿಸಿದ ಮೇಲೆ ಗುಡಿಸಿ. ಅರ್ಧ ಇಂಚಿಗಿಂತ ದೊಡ್ಡ ಕಣ್ಣಿನದು ಬೇಡ, ಒಣ ಚೂರು ತೂರುತ್ತೆ. ಬಿಗಿಯಾಗಿ ಎಳೆದು ಕಟ್ಟಿ, ಜೋತು ಪೈಪಿಗೆ ತಾಗಿದ್ರೆ ಹಾಕಿಯೂ ದಂಡ.

ಬ್ಯಾರನ್‌ಗೆ ಬೆಂಕಿ ಬೀಳೋದು ಬಹುತೇಕ ಇದೇ ಕೊನೇ ಹಂತದಲ್ಲಿ: ಸೊಪ್ಪು ಗರಿಗರಿ, ಪೈಪ್ ಕೆಂಪು, ಸೊಪ್ಪು ಕಟ್ಟಿ ತೂಗುಹಾಕಿದ ಕಡ್ಡಿಯಿಂದ ಜಾರಿದ ಒಂದೇ ಎಲೆ ಸಾಕು. ಆದ್ದರಿಂದ ಕೆಳಗಿನ ಸಾಲಿನ ಕಡ್ಡಿಗಳಿಗೆ ಸೊಪ್ಪನ್ನು ಬಿಗಿಯಾಗಿ ಕಟ್ಟಿ. 160 ಡಿಗ್ರಿ ದಾಟಿಸಬೇಡಿ, ದಾಟಿದ್ರೆ ಸೊಪ್ಪೂ ಕೆಂಪಾಗಿ ಬೆಲೆ ಬಿದ್ದುಹೋಗುತ್ತೆ. ಗಂಟೆಗೆ ಎರಡು ಮೂರು ಡಿಗ್ರಿಯಂತೆ ಏರಿಸಿ. ಈ ಹಂತದಲ್ಲಿ ಮೇಲಿನ ಕೆಳಗಿನ ಕಿಂಡಿ ಮುಚ್ಚಿರಬೇಕು. ಅವು ತೆರೆದಿದ್ರೆ ಎಷ್ಟು ಸೌದೆ ಹಾಕಿದ್ರೂ 150 ದಾಟೋದು ಕಷ್ಟ, ಅದನ್ನೂ ಒಮ್ಮೆ ನೋಡ್ಕೊಳ್ಳಿ.

ಹೊತ್ತಿಕೊಂಡ್ರೆ ಬಾಗಿಲು ತೆರೀಬೇಡಿ, ಗಾಳಿ ನುಗ್ಗಿ ಒಂದೇ ಸಲ ಭುಗಿಲೇಳುತ್ತೆ. ಕಿಂಡಿಗಳು ಮುಚ್ಚಿವೆಯಾ ನೋಡಿ, ಬೂದಿ ಬಾಗಿಲು ಮುಚ್ಚಿ, ಒಲೆಯ ಕೆಂಡಕ್ಕೆ ಮರಳು ಹಾಕಿ. ನೀರು ಬೇಡ, ಕಾದ ಇಟ್ಟಿಗೆ ಸಿಡಿಯುತ್ತೆ, ಆವಿ ಮುಖಕ್ಕೆ ಹೊಡೆಯುತ್ತೆ. ಅಗ್ನಿಶಾಮಕಕ್ಕೆ 101 ಅಥವಾ 112. ಹೊಗೆ ನಿಂತು ಗೋಡೆ ತಣ್ಣಗಾದ ಮೇಲೂ ಬಾಗಿಲನ್ನು ಪಕ್ಕದಲ್ಲಿ ನಿಂತೇ ತೆರೀರಿ, ಎದುರಿಗಲ್ಲ.