ಪದಚರ್ಚೆ: ರೈಲು ಎಂಜಿನ್ನಿನ ‘ಚಫ್’ಗೆ ನೀವು ಏನಂತೀರಿ?

ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿ ಮಾಡೆಲ್ ರೈಲಿನ ಹುಚ್ಚಿರೋ ನಾವು ಒಂದಿಷ್ಟು ಕನ್ನಡದವರು ಸೇರ್ಕೊಂಡು ಸೌಂಡ್ ಡಿಕೋಡರ್‌ಗಳನ್ನ ಹೋಲಿಸಿ ಒಂದು ಬರಹ ತಯಾರು ಮಾಡ್ತಿದೀವಿ, ಕೋಥ್ರೂಡಿನ ಜೋಶಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ನೋಡಿ ಬಂದ ಮಕ್ಕಳು ನಮಗೂ ಇಂಥದ್ದು ಬೇಕು ಅಂತ ಕೇಳ್ತಾರಲ್ಲ, ಅವರಿಗೆ ಕನ್ನಡದಲ್ಲೇ ಓದೋಕೆ ಏನಾದ್ರೂ ಇರಲಿ ಅಂತ. ಆದ್ರೆ ಪದಗಳ ವಿಷಯಕ್ಕೆ ಬಂದು ನಿಂತಿದೀವಿ, ನಿಮ್ಮ ಸಹಾಯ ಬೇಕು.

ಗೊತ್ತಿಲ್ಲದವರಿಗೆ ಎರಡು ಮಾತು. ಡಿಸಿಸಿ, ಅಂದ್ರೆ ಮಾಡೆಲ್ ರೈಲನ್ನ ಡಿಜಿಟಲ್ ಆಗಿ ನಡೆಸೋ ಪದ್ಧತೀಲಿ ಹಳಿಯಲ್ಲೇ ಕರೆಂಟೂ ಹರಿಯುತ್ತೆ ಆಜ್ಞೆಯೂ ಹರಿಯುತ್ತೆ, ಎಂಜಿನ್ ಒಳಗಿರೋ ಪುಟ್ಟ ಡಿಕೋಡರ್ ತನ್ನ ನಂಬರಿಗೆ ಬಂದ ಆಜ್ಞೆ ಮಾತ್ರ ಹೆಕ್ಕಿಕೊಂಡು ಮೋಟಾರ್ ತಿರುಗಿಸುತ್ತೆ, ದೀಪ ಹಚ್ಚುತ್ತೆ, ಸೌಂಡ್ ಡಿಕೋಡರ್ ಆದ್ರೆ ಸ್ಪೀಕರಿನಿಂದ ಸದ್ದನ್ನೂ ಹೊರಡಿಸುತ್ತೆ. ಜರ್ಮನಿಯ ಲೆಂಜ್ ಕಂಪನಿ ಮಾಡಿದ ಕೆಲಸದ ಮೇಲೆ ಅಮೆರಿಕದ ಮಾಡೆಲ್ ರೈಲು ಹವ್ಯಾಸಿಗಳ ಸಂಘ ಎನ್ಎಂಆರ್‌ಎ 1990ರ ದಶಕದಲ್ಲಿ ಇದನ್ನ ಸ್ಟ್ಯಾಂಡರ್ಡ್ ಮಾಡ್ತು. ಡಿಕೋಡರ್‌ಗೆ ಕನ್ನಡ ಪದ ಹುಡುಕೋದು ಬೇಡ ಅನ್ನೋದು ನನ್ನ ಅಭಿಪ್ರಾಯ, ‘ವಿಸಂಕೇತಕ’ ಅಂದ್ರೆ ಯಾರಿಗೂ ತಿಳಿಯಲ್ಲ, ಡಿಕೋಡರ್ ಡಿಕೋಡರ್ ಆಗೇ ಇರಲಿ.

ಕಷ್ಟ ಇರೋದು ಸದ್ದುಗಳ ಹೆಸರಲ್ಲಿ. ಹೋಲಿಕೆ ಅಂದ್ರೆ ಯಾವ ಡಿಕೋಡರಿನಲ್ಲಿ ಯಾವ ಸದ್ದು ಚೆನ್ನಾಗಿದೆ ಅಂತ ತಾನೇ ಹೇಳಬೇಕು? ನಾವು ಹೋಲಿಸ್ತಿರೋ ಡಿಕೋಡರ್‌ಗಳ ಪೈಕಿ ಲೋಕ್‌ಸೌಂಡ್ 5ರಲ್ಲಿ ಒಟ್ಟಿಗೆ 10 ಸದ್ದು ಬರಬಹುದು, ಅದರ ಹಿಂದಿನ ಮಾದರಿ ವಿ4ರಲ್ಲಿ 8 ಇತ್ತು, ಜಿಮೊ ಎಂಎಸ್‌ನಲ್ಲಿ 16. ಇಲ್ಲಿ ಚಾನೆಲ್ ಅಂತ ಬರೀಬೇಕೋ ‘ದನಿ’ ಅನ್ನಬೇಕೋ? ನನಗೆ ದನಿ ಅಂದ್ರೆ ಕೊರಳಿಂದ ಬಂದದ್ದು, ಸದ್ದು ಅಂದ್ರೆ ಯಾವುದಾದ್ರೂ ಸರಿ, ಧಾರವಾಡ ಕಡೆಯ ಗೆಳೆಯರು ಎರಡಕ್ಕೂ ‘ಸಪ್ಪಳ’ ಅಂತಾರೆ, ಎಂಜಿನ್ನಿಗೆ ಅದೇ ಹೆಚ್ಚು ಹೊಂದುತ್ತೆ ಅನ್ನಿಸ್ತಿದೆ. ಆದ್ರೆ ಹಾರ್ನ್ ವಿಷಯದಲ್ಲಿ ಕನ್ನಡ ಬೇರೇನೇ ಹೇಳುತ್ತೆ ನೋಡಿ, ‘ರೈಲು ಕೂಗ್ತು’ ಅಂತೀವಿ, ಸದ್ದು ಮಾಡ್ತು ಅನ್ನಲ್ಲ. ಹಾಗಾಗಿ ಹಾರ್ನ್ ಬಟನ್ನಿಗೆ ‘ಕೂಗು’ ಅಂತ ಬರೆದುಬಿಟ್ಟಿದೀವಿ, ಸಿಳ್ಳೆ ಅಂದ್ರೆ ಮರಾಠಿಯ ಶಿಟ್ಟಿ ಥರ ಸಣ್ಣದಾಗುತ್ತೆ, ಡೀಸೆಲ್ ಎಂಜಿನ್ನಿಗೆ ಸಾಲದು.

ಇನ್ನು ಚಫ್, ಅಂದ್ರೆ ಉಗಿ ಒಂದೊಂದು ಸಲ ಹೊರಗೆ ಚಿಮ್ಮಿದಾಗ ಬರೋ ಸದ್ದು. ಎರಡು ಸಿಲಿಂಡರಿನ ಉಗಿ ಎಂಜಿನ್ನಿನ ಚಕ್ರ ಒಂದು ಸುತ್ತು ಬಂದ್ರೆ ನಾಲ್ಕು ಸಲ ಉಗಿ ಹೊರಗೆ ಚಿಮ್ಮುತ್ತೆ, ಮೂರು ಸಿಲಿಂಡರಾದ್ರೆ ಆರು. ಡಿಕೋಡರಿನಲ್ಲಿ ಇದನ್ನ ಚಕ್ರಕ್ಕೆ ಸರಿಯಾಗಿ ಕೂರಿಸಬೇಕು, ಇಲ್ಲಾಂದ್ರೆ ಕೇಳೋಕೆ ಆಗಲ್ಲ. ‘ಚುಕುಬುಕು’ ಮಕ್ಕಳ ಹಾಡಿನ ಮಾತು, ಇಡೀ ಓಟಕ್ಕೆ ಹೇಳೋದು, ಒಂದೊಂದು ಹೊಡೆತವನ್ನ ಬೇರೆ ಮಾಡಿ ಎಣಿಸೋಕೆ ಬರಲ್ಲ. ‘ಭುಸುಗುಡು’ ಅಂದ್ರೆ ಹಾವು ನೆನಪಾಗುತ್ತೆ, ಅದು ಎಳೆದಂಗಿರುತ್ತೆ, ಚಫ್ ತುಂಡು ತುಂಡು. ‘ಒಂದು ಸುತ್ತಿಗೆ ನಾಲ್ಕು ಭುಸ್’ ಅಂತ ಬರೆದ್ರೆ ಕಿವಿಗೆ ಒಪ್ಪುತ್ತಾ? ನಮ್ಮಲ್ಲೇ ಕೆಲವರು ‘ಭಕ್’ ಅಂತಿದಾರೆ, ಹೊಗೆ ಭಕ್ ಅಂತ ಬಂತು ಅಂತೀವಲ್ಲ ಹಾಗೆ. ನನಗೆ ಭಕ್ ಹೆಚ್ಚು ಇಷ್ಟ, ಅದರಲ್ಲಿ ಹೊಡೆತ ಇದೆ.

ಡೀಸೆಲ್ಲಿಗೆ ಇನ್ನೊಂದು ತೊಡಕು. ಅಮೆರಿಕದ ಆಲ್ಕೊ ಕಂಪನಿಯ ವಿನ್ಯಾಸದ ಡೀಸೆಲ್ ಎಂಜಿನ್ ಡಬ್ಲ್ಯುಡಿಎಂ-2 ನಾಲ್ಕು ಸ್ಟ್ರೋಕಿನದು, 2600 ಹಾರ್ಸ್‌ಪವರ್, ನಿಂತಾಗ ಒಂದೊಂದು ಬಡಿತ ಬಿಡಿಯಾಗಿ ಕೇಳುತ್ತೆ, ಅದಕ್ಕೆ ‘ಗುಡುಗುಡು’ ಸರಿಯಾಗಿದೆ. ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯುಡಿಜಿ-4 ಅಮೆರಿಕದ್ದೇ ಇಎಂಡಿ ಕಂಪನಿಯ ವಿನ್ಯಾಸದ ಎರಡು ಸ್ಟ್ರೋಕಿನ ಎಂಜಿನ್, ಅದು ಒಂದೇ ಸಮ ‘ಗುಂಯ್’ ಅಂತ ಮೊರೆಯುತ್ತೆ. ಪುಣೆಯ ಘೋರ್ಪಡಿ ಶೆಡ್ಡಿನ ಹತ್ರ ಬೆಳೆದವರಿಗೆ ಈ ವ್ಯತ್ಯಾಸ ಹೇಳಿಕೊಡಬೇಕಾಗೇ ಇಲ್ಲ. ನಮ್ಮ ಗಾಡಿಯದೇ ರೆಕಾರ್ಡಿಂಗ್ ಹಾಕ್ಬೇಕು ಅಂದ್ರೆ ಲೋಕ್‌ಸೌಂಡೇ ವಾಸಿ, ಲೋಕ್‌ಪ್ರೋಗ್ರಾಮರ್ ಅನ್ನೋ ಸಾಧನ ಇದ್ರೆ ನಾವೇ ತುಂಬಬಹುದು, ಜಿಮೊದಲ್ಲೂ ಆಗುತ್ತೆ. ಸುನಾಮಿ2 ಅನ್ನೋ ಇನ್ನೊಂದು ಡಿಕೋಡರಿನಲ್ಲಿ ಕಂಪನಿಯವರು ಕೊಟ್ಟ ಪಟ್ಟಿಯಿಂದ ಆರಿಸ್ಕೊಳ್ಳೋದಷ್ಟೇ, ಆದ್ರೆ ಅದರಲ್ಲೊಂದು ಗುಣ ನನ್ನ ಮನಸ್ಸು ಕದ್ದಿದೆ: ಮೋಟಾರಿಗೆ ಎಷ್ಟು ಭಾರ ಬಿದ್ದಿದೆ ಅಂತ, ಮೋಟಾರ್ ತಿರುಗುವಾಗ ತಾನೇ ಹುಟ್ಟಿಸೋ ವೋಲ್ಟೇಜ್ ಆದ ಬ್ಯಾಕ್ ಇಎಂಎಫ್‌ನಿಂದ ಅಳೆದು ಅದಕ್ಕೆ ತಕ್ಕಂತೆ ಸದ್ದನ್ನ ಬದಲಾಯಿಸುತ್ತೆ. ಏರಲ್ಲಿ ತಿಣುಕುತ್ತೆ, ಇಳಿಜಾರಲ್ಲಿ ಹಗುರಾಗುತ್ತೆ. ಕ್ಯಾಸಲ್‌ರಾಕ್ ಕುಲೆಂ ಘಾಟಿನಲ್ಲಿ 37ಕ್ಕೆ 1ರ ಏರು, ಅಲ್ಲಿ ಗೂಡ್ಸ್ ಗಾಡಿ ಹತ್ತೋದು ಕೇಳಿದವರಿಗೆ ‘ತಿಣುಕು’ ಅನ್ನೋ ಪದ ಎಷ್ಟು ಸರಿ ಅಂತ ಗೊತ್ತಾಗುತ್ತೆ. ಈ ಗುಣಕ್ಕೆ ‘ಭಾರಕ್ಕೆ ತಕ್ಕ ಸಪ್ಪಳ’ ಅಂತಲೇ ಬರೆದಿದೀವಿ, ಇನ್ನೂ ಚಿಕ್ಕದಾಗಿ ಹೇಳೋಕೆ ಆದ್ರೆ ಹೇಳಿ.

ನಾಚ್ (ಡೀಸೆಲ್ ಎಂಜಿನ್ನಿನ ಶಕ್ತಿ ಏರಿಸೋ ಹಂತ), ಬ್ರೇಕ್, ಸ್ಪೀಕರ್ ಎಲ್ಲ ಹಾಗೇ ಇರಲಿ, ಅದರಲ್ಲಿ ಚರ್ಚೆ ಇಲ್ಲ. ನಿಜವಾಗಿ ಸಿಗದೇ ಇರೋದು ಕೋಸ್ಟಿಂಗ್. ಉಗಿ ನಿಲ್ಲಿಸಿ ಗಾಡಿ ಬರೀ ಓಘದ ಮೇಲೆ ಉರುಳ್ತಿರುತ್ತೆ, ಚಫ್ ಹೋಗಿ ಚಕ್ರದ ಸರಳುಗಳ ಖಣಖಣ ಮಾತ್ರ ಉಳಿಯುತ್ತೆ, ಅದಕ್ಕೆ ಬಸ್ ಡ್ರೈವರ್‌ಗಳು ಹೇಳೋ ‘ನ್ಯೂಟ್ರಲ್’ ಹೊಂದಲ್ಲ. ಹುಬ್ಬಳ್ಳಿ, ಅರಸೀಕೆರೆ, ಮೈಸೂರು ಕಡೆ ಉಗಿ ಎಂಜಿನ್ನಿನ ಕಾಲದಲ್ಲಿ ಫೈರ್‌ಮನ್, ಡ್ರೈವರ್ ಆಗಿದ್ದವರು ನಿಮ್ಮ ಮನೇಲೋ ಬೀದೀಲೋ ಇದ್ರೆ ದಯವಿಟ್ಟು ಕೇಳಿ, ಉಗಿ ಬಿಡೋ ರೆಗ್ಯುಲೇಟರ್ ಮುಚ್ಚಿದ ಮೇಲೆ ಗಾಡಿ ಹೋಗೋದಕ್ಕೆ ಅವರು ಏನಂತಿದ್ರು, ಅವರು ಹೇಳಿದ ಮಾತನ್ನ ತಿದ್ದದೆ ಹಾಗೇ ಬರೆದು ಕಳಿಸಿ.