ಹಳೇ ಮನೆಯ ಪಾತ್ರೆ-ಪಡಗ ನೀವೇನು ಮಾಡಿದಿರಿ?

ಚಿಕ್ಕಮಗಳೂರಿನಿಂದ ಪ್ರಶ್ನೆ: ಅಮ್ಮ ಹೋಗಿ ಹತ್ತು ತಿಂಗಳಾಯ್ತು. ಯುಗಾದಿಯೊಳಗೆ ಹಳೇ ಮನೆ ಖಾಲಿ ಮಾಡಬೇಕು. ಹಂಡೆ, ಶ್ಯಾವಿಗೆ ಒರಳು, ಮೂರು ಟ್ರಂಕು ಪಾತ್ರೆ ಇವೆ. ನಾನಿರುವುದು ಎರಡು ರೂಮಿನ ಮನೆ. ಅಷ್ಟಿಷ್ಟು ಚಿತ್ರ ಬರೆಯುತ್ತೇನೆ, ಇವುಗಳಿಂದ ಏನಾದರೂ ಮಾಡುವ ಆಸೆ. ಗುಜರಿಗೆ ಹಾಕಲು ಮನಸ್ಸಿಲ್ಲ.

ಸಕಲೇಶಪುರದಿಂದ: ಮೊದಲು ಒಂದು ಮಾತು. ಯಾವುದನ್ನೂ ಪಾಲಿಶ್ ಮಾಡಿಸಬೇಡಿ. ಹುಣಸೆಹಣ್ಣಿನಲ್ಲಿ ತಿಕ್ಕುವುದು ಬೇರೆ, ಮಿಷನ್ನಿಗೆ ಕೊಡುವುದು ಬೇರೆ. ನಾನು ಅಜ್ಜಿಯ ಹಿತ್ತಾಳೆ ಚೊಂಬು ಕೊಟ್ಟೆ. ಅದರ ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಅವರ ಹೆಸರು ಕೊರೆದಿತ್ತು, ಪಕ್ಕದಲ್ಲಿ ತವರೂರಿನ ಮೊದಲಕ್ಷರ. ಆ ಊರು ಹೇಮಾವತಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ. ಅದೇ ಹಿನ್ನೀರಿನಲ್ಲಿ ಮುಳುಗುವ ಶೆಟ್ಟಿಹಳ್ಳಿ ಚರ್ಚಾದರೂ ಬೇಸಿಗೆಯಲ್ಲಿ ಮೇಲೆ ಬರುತ್ತದೆ, ಇದು ಬರುವುದಿಲ್ಲ. ಚೊಂಬು ಬಂಗಾರದಂತೆ ಹೊಳೆಯುತ್ತಾ ವಾಪಸ್ ಬಂತು. ಅಕ್ಷರ ಇರಲಿಲ್ಲ. ಅಂಗಡಿಯವನದೇನು ತಪ್ಪು? ಚೆನ್ನಾಗಿ ಹೊಳೀಬೇಕು ಅಂದವನು ನಾನೇ ಅಲ್ವಾ.

ಉಳಿದ ಪಾತ್ರೆಗಳಿಗೆ ಈಗ ಬೇರೆ ದಾರಿ. ಹೆಸರಿನ ಮೇಲೆ ತೆಳು ಕಾಗದ ಬಿಗಿಯಾಗಿ ಸುತ್ತಿ, 6ಬಿ ಪೆನ್ಸಿಲ್ ಅಡ್ಡ ಹಿಡಿದು ಮೆಲ್ಲಗೆ ಉಜ್ಜುತ್ತೇನೆ. ಕಪ್ಪಿನ ನಡುವೆ ಚುಕ್ಕಿಗಳು ಬಿಳಿಯಾಗಿ ಏಳುತ್ತವೆ. ಗೀರು, ನೆಗ್ಗು, ಸೌಟು ಬಡಿದ ಗುರುತು ಎಲ್ಲಾ ಬರುತ್ತವೆ. ಇಪ್ಪತ್ತು ಪಾತ್ರೆ ಒಂದು ಫೈಲಿನಲ್ಲಿ ಹಿಡಿದವು.

ಹಾಸನದಿಂದ: ಚೀನಾದ ಕಲಾವಿದ ಸಾಂಗ್ ಡಾಂಗ್ ಗೊತ್ತಾ? 2002ರಲ್ಲಿ ಅವರ ತಂದೆ ತೀರಿಕೊಂಡ ಮೇಲೆ ತಾಯಿ ಏನನ್ನೂ ಬಿಸಾಡದೆ ಮನೆ ತುಂಬಿಕೊಂಡರು. ಸೋಪಿನ ಚೂರು, ಖಾಲಿ ಟೂತ್‌ಪೇಸ್ಟ್ ಟ್ಯೂಬು, ಬಾಟಲಿ ಮುಚ್ಚಳ ಕೂಡ. 2005ರಲ್ಲಿ ಮಗ ಅಂಥ 10,000ಕ್ಕೂ ಜಾಸ್ತಿ ಸಾಮಾನನ್ನು ಬೀಜಿಂಗ್‌ನಲ್ಲಿ ಪ್ರದರ್ಶನಕ್ಕಿಟ್ಟರು. ತಾಯಿಯನ್ನೇ ಜೊತೆಗೆ ಕೂರಿಸಿಕೊಂಡು ಜೋಡಿಸಿದರು. ನನಗೆ ಸಾಮಾನಿಗಿಂತ ಹಿಡಿಸಿದ್ದು ಇದು. ನಿಮ್ಮ ದೊಡ್ಡಮ್ಮ, ಚಿಕ್ಕಮ್ಮ ಯಾರಾದರೂ ಇದ್ದರೆ ಕರೆಸಿ, ಅವರ ಕೈಯಲ್ಲೇ ಟ್ರಂಕು ತೆಗೆಸಿ. ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಸುಮ್ನೆ ಕೂತಿರಿ. ನಮ್ಮ ಚಿಕ್ಕಮ್ಮ ಒಂದು ತಟ್ಟೆಗಾಗಿ ಅರ್ಧ ಗಂಟೆ ಜಗಳವಾಡಿದರು. ಅದು ಅವರದಂತೆ, ನಮ್ಮಮ್ಮ ಕೇಳಿಕೊಂಡು ಹೋದವರು ಕೊಡಲೇ ಇಲ್ಲವಂತೆ. ಅಮ್ಮನ ಬಗ್ಗೆ ನನಗೆ ಗೊತ್ತಿಲ್ಲದ್ದು ಅವತ್ತು ಎಷ್ಟೋ ಹೊರಬಂತು.

ಮೂಡಿಗೆರೆಯಿಂದ: ಶ್ಯಾವಿಗೆ ಒರಳು ಮಾತ್ರ ಯಾರಿಗೂ ಕೊಡಬೇಡಿ. ಮರದ್ದಾದರೆ ಮಳೆಗಾಲದಲ್ಲಿ ಗೋಡೆಗೆ ತಾಗಿಸದೆ ಇಡಿ, ಗೆದ್ದಲು ಬಿಡುವುದಿಲ್ಲ. ನಮ್ಮದರ ಒಂದು ಕಾಲು ಹಾಗೇ ಹೋಯಿತು. ಹಬ್ಬಕ್ಕೆ ಆ ಕಡೆ ಎರಡು ಇಟ್ಟಿಗೆ ಕೊಟ್ಟು ಒತ್ತುತ್ತೇವೆ.