ಇಟಲಿಯ ಸಿಸಿಲಿ ದ್ವೀಪದ ನೋತೊ ಊರನ್ನೇ ಭೂಕಂಪದ ನಂತರ ಹೊಸದಾಗಿ ಕಟ್ಟಿದ್ದರೂ ಅಲ್ಲಿನ ದೊಡ್ಡ ಚರ್ಚು 1996ರಲ್ಲಿ ಬಿದ್ದದ್ದೇಕೆ? ನಮ್ಮ ಕಡೆಯ ಮಾಳಿಗೆ ಮನೆಗೂ ಇದಕ್ಕೂ ಏನಾದರೂ ಸಂಬಂಧ ಇದೆಯೇ?

ಆನೆಕೊಂಡ_ಆರ್ಕಿ (ದಾವಣಗೆರೆ) — ಪ್ರಶ್ನೆ

ಸೆಮಿನಾರಿಗೆ ಸಿಸಿಲಿಯ ವಾಲ್ ದಿ ನೋತೊ ಪ್ರದೇಶ ತೆಗೆದುಕೊಂಡಿದ್ದೇನೆ. 1693ರ ಜನವರಿ 11ರ ಭೂಕಂಪ, ಸುಮಾರು 60,000 ಸಾವು, ಆಮೇಲೆ ಬರೋಕ್ ಶೈಲಿಯಲ್ಲಿ ಎದ್ದ ಊರುಗಳು, 2002ರಲ್ಲಿ ಎಂಟು ಊರುಗಳಿಗೆ ಯುನೆಸ್ಕೊ ಪಟ್ಟಿಯಲ್ಲಿ ಜಾಗ. ಇಷ್ಟು ಎಲ್ಲ ಕಡೆ ಸಿಗುತ್ತದೆ. ಗೊತ್ತಾಗದೇ ಇರುವುದು ಮೂರು.

ಒಂದು, ಆ ಊರುಗಳ ನಕ್ಷೆಯಲ್ಲಿ ಭೂಕಂಪದ ಭಯ ನಿಜಕ್ಕೂ ಕಾಣುತ್ತದೆಯೇ, ಅಥವಾ ಎಲ್ಲ ಬರೀ ಅಲಂಕಾರವೇ? ಎರಡು, ನೋತೊ ಕ್ಯಾಥೆಡ್ರಲ್ಲಿನ ಗುಮ್ಮಟ ಬಿದ್ದ ದಿನ ಭೂಕಂಪವೇ ಆಗಿರಲಿಲ್ಲ. ಮತ್ತೆ ಹೇಗೆ ಬಿತ್ತು? ಮೂರು, ಚಿತ್ರದುರ್ಗದ ಕಡೆಯ ಕಲ್ಲು-ಮಣ್ಣಿನ ಮಾಳಿಗೆ ಮನೆಗಳಿಗೆ (ಕಲ್ಲುಗೋಡೆ, ಮೇಲೆ ಸಮತಟ್ಟಾದ ಮಣ್ಣಿನ ಚಾವಣಿ) ಇದನ್ನು ಹೋಲಿಸಿದರೆ ಸೆಮಿನಾರಿನ ಗೈಡ್ ಒಪ್ಪುವಂತಿರುತ್ತದೆಯೇ? ಕೋಟೆ ಗಾರೆಯೇ ಇಲ್ಲದೆ ಇಷ್ಟು ಕಾಲ ನಿಂತಿದೆ, ಆದ್ದರಿಂದ ನಮ್ಮ ಕಲ್ಲುಗೋಡೆಗೆ ಭಯವಿಲ್ಲ ಅಂತ ಕ್ಲಾಸಿನಲ್ಲಿ ವಾದ ನಡೆಯುತ್ತಿದೆ.

ನಕ್ಷೆಮನೆ — ಉತ್ತರ

ಮೊದಲನೆಯದಕ್ಕೆ: ಕಾಣುತ್ತದೆ, ಆದರೆ ಬೀದಿಯಲ್ಲಿ. ಕಟ್ಟಡಗಳ ಮುಖದ ಕೆತ್ತನೆಯಲ್ಲಿ ಹುಡುಕಬೇಡಿ.

ಆಗ ಸಿಸಿಲಿ ಸ್ಪೇನಿನ ಕೈಯಲ್ಲಿತ್ತು. ವೈಸರಾಯ್ ಆಗಿದ್ದ ಉಸೇದಾ ಡ್ಯೂಕ್ ಮರುಕಟ್ಟುವ ಹೊಣೆಯನ್ನು ಕಾಮಾಸ್ತ್ರಾದ ಡ್ಯೂಕ್ ಜುಸೆಪ್ಪೆ ಲಾಂಜಾಗೆ ಕೊಟ್ಟ. ಜೊತೆಗಿದ್ದ ಗ್ರುನೆನ್‌ಬರ್ಗ್ ಮಿಲಿಟರಿ ಇಂಜಿನಿಯರ್. ಕೋಟೆ ಕೊತ್ತಲ ಅಳೆದು ಅಭ್ಯಾಸವಾದ ಕೈ ಅದು, ಹಾಗಾಗಿ ದಾರ ಹಿಡಿದಂತೆ ನೇರ ಬೀದಿಗಳು ಬಂದವು. ಹಳೇ ನೋತೊ ಇದ್ದದ್ದು ಗುಡ್ಡದ ಮೇಲೆ. ಹೊಸದನ್ನು ಅಲ್ಲಿಂದ ಸುಮಾರು 8 ಕಿಲೋಮೀಟರ್ ದೂರದ ಇಳಿಜಾರಿನಲ್ಲಿ ಕಟ್ಟಿದರು. ಹಳೇ ಊರು ಬಿಡಲು ಒಪ್ಪದವರು ಬಹಳ, ಜಗಳ ವರ್ಷಗಟ್ಟಲೆ ನಡೆಯಿತು. ಹೊಸ ಊರಿನಲ್ಲಿ ಪೂರ್ವ-ಪಶ್ಚಿಮಕ್ಕೆ ಸಮಾನಾಂತರವಾಗಿ ಹೋಗುವ ಮೂರು ಮುಖ್ಯ ಬೀದಿ, ನಡುವೆ ಚೌಕಗಳು. ಅಗಲ ಬೀದಿಯಲ್ಲಾದರೆ ಎರಡೂ ಬದಿಯ ಗೋಡೆ ಉರುಳಿದರೂ ನಡುವೆ ಓಡಲು ಜಾಗ ಉಳಿಯುತ್ತದೆ, ಚೌಕದಲ್ಲಿ ಡೇರೆ ಹಾಕಬಹುದು. ಕತಾನಿಯಾದಲ್ಲಿ ಮೂರರಲ್ಲಿ ಎರಡು ಪಾಲು ಜನ ಸತ್ತಿದ್ದರು. ಅಲ್ಲೂ ಇದೇ ಲೆಕ್ಕದಲ್ಲಿ ಅಗಲವಾದ ನೇರ ಬೀದಿಗಳನ್ನು ಹಾಕಿದರು.

ಇದೇ ಭೂಕಂಪದ ನಂತರ ಎದ್ದ ಗ್ರಾಮಿಕೇಲೆ ಊರಿನ ನಕ್ಷೆಯನ್ನು ಒಂದು ಸ್ಲೈಡಿಗೆ ಹಾಕಿ. ನಡುವೆ ಆರು ಮೂಲೆಯ ಚೌಕ, ಅದರಿಂದ ಆರು ಬೀದಿ ಹೊರಡುತ್ತವೆ. ಬುತೇರಾದ ರಾಜಕುಮಾರ ಕಾರ್ಲೊ ಮರಿಯಾ ಕರಾಫಾ ಹಾಕಿಸಿದ್ದು. ರಗೂಸಾ ಇದಕ್ಕೆ ತದ್ವಿರುದ್ಧ. ಒಂದು ಗುಂಪು ಹಳೇ ಜಾಗ ಬಿಡಲಿಲ್ಲ, ಇನ್ನೊಂದು ಮೇಲಿನ ಬಯಲಿಗೆ ಹೋಯಿತು. ಒಂದು ಊರು ಎರಡಾಗಿ, 20ನೇ ಶತಮಾನದಲ್ಲಿ ಮತ್ತೆ ಕೂಡಿತು.

ಇನ್ನು ಬಾಲ್ಕನಿ ಕೆಳಗಿನ ಸಿಂಹ, ಕುದುರೆ ಮುಖಗಳು ಬಂದದ್ದು ಕಾಲದ ರುಚಿಯಿಂದ, ಮಠ-ಶ್ರೀಮಂತರ ದುಡ್ಡಿನಿಂದ, ಮತ್ತು ಅಲ್ಲಿನ ಮೆತ್ತನೆ ಹಳದಿ ಸುಣ್ಣಕಲ್ಲಿನಿಂದ. ಕಣಿಯಿಂದ ತೆಗೆದಾಗ ಉಳಿಗೆ ಸುಲಭವಾಗಿ ಬಗ್ಗುತ್ತದೆ, ಗಾಳಿಗೆ ಗಟ್ಟಿಯಾಗುತ್ತದೆ. ನಮ್ಮ ಕಣಶಿಲೆಯಲ್ಲಿ ಆ ಕೆಲಸ ಮಾಡಿಸಿ ನೋಡಿ, ಒಂದು ಬಾಲ್ಕನಿಗೆ ಒಂದು ಆಯುಷ್ಯ ಬೇಕು!

ಭಾರಲೆಕ್ಕ — ಉತ್ತರ

ಎರಡನೆಯ ಪ್ರಶ್ನೆಯೇ ನಿಮ್ಮ ಸೆಮಿನಾರಿನ ಹೂರಣ. ಊರಿನ ನಕ್ಷೆ ಪಾಠ ಕಲಿತಿತ್ತು, ಕಂಬ ಕಲಿತಿರಲಿಲ್ಲ.

1996ರ ಮಾರ್ಚ್ 13ರ ರಾತ್ರಿ ಬಿದ್ದದ್ದು. ಗುಮ್ಮಟದ ಬಹುಭಾಗ, ನಡುಅಂಕಣದ ಚಾವಣಿ, ಬಲಸಾಲಿನ ಕಂಬಗಳು ಎಲ್ಲ ಹೋದವು. ಒಳಗೆ ಯಾರೂ ಇಲ್ಲದ್ದರಿಂದ ಸಾವಾಗಲಿಲ್ಲ. ಅವಶೇಷ ಬಿಡಿಸಿದಾಗ ಕಂಬದ ಹೊಟ್ಟೆ ಕಾಣಿಸಿತು: ಹೊರಗೆ ಕೆತ್ತಿದ ಕಲ್ಲಿನ ಮುಖ, ಒಳಗೆ ಹೊಳೆಯ ಉರುಟು ಕಲ್ಲು, ದುರ್ಬಲ ಗಾರೆ. ಉರುಟು ಕಲ್ಲು ಒಂದಕ್ಕೊಂದು ಹಲ್ಲು ಕಚ್ಚುವುದಿಲ್ಲ. ಮೇಲಿನಿಂದ ಭಾರ ಬಿದ್ದರೆ ಪಕ್ಕಕ್ಕೆ ಜಾರಿ ಹೊರಮುಖವನ್ನು ಆಚೆಗೆ ನೂಕುತ್ತದೆ. ಒಳಗು ಮೆತ್ತಗಿದ್ದಷ್ಟೂ ಭಾರವೆಲ್ಲ ತೆಳ್ಳನೆಯ ಹೊರಮುಖದ ಪಾಲಿಗೆ. ಇಂಥ ಕಡೆ ಬಿರುಕು ಅಡ್ಡ ಬರುವುದಿಲ್ಲ, ಉದ್ದುದ್ದ ನಿಂತುಕೊಂಡು ವರ್ಷ ವರ್ಷ ಬೆಳೆಯುತ್ತದೆ. 1990ರ ಡಿಸೆಂಬರ್ 13ರ ಭೂಕಂಪ ಅದನ್ನು ಇನ್ನಷ್ಟು ಹಿಗ್ಗಿಸಿತು. ಮೇಲೆ ದಪ್ಪ ಗಿಲಾವು ಇದ್ದದ್ದರಿಂದ ಒಳಗಿನ ಗಾಯ ಪೂರ್ತಿ ಕಾಣಲಿಲ್ಲ. ಸಾಲದ್ದಕ್ಕೆ 1950ರ ದಶಕದಲ್ಲಿ ಹಳೇ ಮರದ ಚಾವಣಿ ತೆಗೆದು ಕಾಂಕ್ರೀಟ್ ಹಾಕಿದ್ದರು. ಮುದುಕನ ತಲೆ ಮೇಲೆ ಇನ್ನೊಂದು ಮೂಟೆ.

ಮತ್ತೆ ಕಟ್ಟುವಾಗ ಕಂಬಗಳನ್ನು ಕೆತ್ತಿದ ಕಲ್ಲಿನಲ್ಲೇ ಎಬ್ಬಿಸಿದರು. ಬಾಗಿಲು ತೆರೆದದ್ದು 2007ರ ಜೂನ್‌ನಲ್ಲಿ.

ಕೋಟೆಯ ವಾದ ಬಿಟ್ಟುಬಿಡಿ. ಅಲ್ಲಿ ದೊಡ್ಡ ದಿಮ್ಮಿಗಳ ಕೂರುವ ಮುಖ ಕೆತ್ತಿ ಒಂದಕ್ಕೊಂದು ಹೊಂದಿಸಿದ್ದಾರೆ, ಬುಡದಲ್ಲಿ ಬಂಡೆ ಇದೆ, ತಲೆ ಮೇಲೆ ಮಾಳಿಗೆ ಇಲ್ಲ. ಮನೆಗೋಡೆ ಹಾಗಲ್ಲ. ಚಿತ್ರದುರ್ಗ 2016ರ ಭೂಕಂಪ ನಕ್ಷೆಯಲ್ಲಿ ವಲಯ 2, ಕಡಿಮೆ ಅಪಾಯದ್ದು, ನಿಜ. ಆದರೆ 1993ರ ಸೆಪ್ಟೆಂಬರ್ 30ರಂದು ಭೂಕಂಪಕ್ಕೆ ಮಹಾರಾಷ್ಟ್ರದ ಕಿಲ್ಲಾರಿ ನೆಲಸಮವಾದಾಗ ಅದು ಅಂದಿನ ನಕ್ಷೆಯಲ್ಲಿ ಎಲ್ಲಕ್ಕಿಂತ ಕೆಳಗಿನ ವಲಯ 1ರಲ್ಲಿತ್ತು. ಅಲ್ಲಿ ಕೊಂದದ್ದು ಮಣ್ಣಿನಲ್ಲಿ ಕೂರಿಸಿದ ದಪ್ಪ ಕಲ್ಲುಗೋಡೆ, ಅದರ ಮೇಲಿನ ಮಣ್ಣಿನ ಮಾಳಿಗೆ.

ಗುಂಡುದಾರ_ಮೇಸ್ತ್ರಿ (ಹಿರಿಯೂರು) — ಉತ್ತರ

ಮೂರನೇದಕ್ಕೆ ನಾನು ಹೇಳ್ತೀನಿ. ನಮ್ಮ ಕಡೆ ಹಳೇ ಗೋಡೆ ಅಂದ್ರೆ ಹೊರಗೊಂದು ವರಸೆ, ಒಳಗೊಂದು ವರಸೆ, ನಡುವೆ ಚೂರುಕಲ್ಲು-ಮಣ್ಣು. ಎರಡೂ ವರಸೆ ಹಾಯ್ದು ಹಿಡಿಯೋ ಥ್ರೂ ಕಲ್ಲು ಇಲ್ಲ ಅಂದ್ರೆ ಅದು ಒಂದು ಗೋಡೆ ಅಲ್ಲ, ಬೆನ್ನಿಗೆ ಬೆನ್ನು ಕೊಟ್ಟು ನಿಂತ ಎರಡು ಗೋಡೆ. ಮಳೆ ನೀರು ಇಳಿದ್ರೆ ನಡುವಿನ ಮಣ್ಣು ಕುಸಿದು ಗೋಡೆ ಹೊಟ್ಟೆ ಬಿಡ್ತದೆ. ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ಗೋಡೆ ನೆಟ್ಟಗಿದೆಯಾ ನೋಡಿ, ಕೈಯಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದ ಗುರುತು ಹಾಕಿ.

ಮೊದಲು ಮಾಳಿಗೆ ಭಾರ ಇಳಿಸಬೇಕು. ಸೋರುತ್ತೆ ಅಂತ ಪ್ರತಿ ಮುಂಗಾರಿಗೆ ಮುಂಚೆ ಚೌಳು ಮಣ್ಣು ಹಾಕ್ತಾರೆ, ಹಳೇದನ್ನ ತೆಗೆಯೋರು ಯಾರೂ ಇಲ್ಲ. ಹತ್ತಡಿ-ಹನ್ನೆರಡಡಿ ಕೋಣೆ ಮೇಲೆ ಒಂದಡಿ ಮಣ್ಣು ಅಂದ್ರೆ ಹತ್ತಿರ ಐದೂವರೆ ಟನ್. ಆರಿಂಚಿಗೆ ಇಳಿಸಿದ್ರೆ ಅರ್ಧ ಹೋಯ್ತು. ಕೆಳಗೆ ಜಂತೆ ಗೆದ್ದಲು ತಿಂದಿದೆಯಾ ಅಂತ ಆಗಲೇ ನೋಡ್ಕೊಳ್ಳಿ, ಮೇಲೊಂದು ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ.

ಆಮೇಲೆ ಥ್ರೂ ಕಲ್ಲಿನ ಬದಲು ಕಾಂಕ್ರೀಟ್ ಕೊಂಡಿ. ಅಡ್ಡಕ್ಕೂ ಉದ್ದಕ್ಕೂ ಸುಮಾರು ಒಂದೊಂದು ಮೀಟರಿಗೆ ಗುರುತು, ಮೇಲಿನ ಸಾಲು ಕೆಳಗಿನ ಸಾಲಿಗಿಂತ ಅರ್ಧ ಮೀಟರ್ ಸರಿದಿರಲಿ. ಹನ್ನೆರಡಡಿ ಉದ್ದ, ಒಂಬತ್ತಡಿ ಎತ್ತರದ ಗೋಡೆಗೆ ಎಂಟು-ಹತ್ತು ಸಾಕು. ಸುತ್ತಲ ಮಣ್ಣು ಕೆರೆದು, ಸಣ್ಣ ಹಾರೆಯಿಂದ ಆ ಕಡೆ ಈ ಕಡೆ ಅಲುಗಾಡಿಸಿ ಕಲ್ಲನ್ನ ಕೈಯಿಂದಲೇ ಎಳೀಬೇಕು. ಸುತ್ತಿಗೆ ಏಟು ಬೇಡವೇ ಬೇಡ, ಪಕ್ಕದ ನಾಲ್ಕು ಕಲ್ಲು ಸಡಿಲ ಆಗ್ತವೆ. ಒಳಗೆ ಮೂರಿಂಚಿನ ತೂತು ಮಾಡಿ, ಮೆಲ್ಲಗೆ ತಟ್ಟಿ ಆ ಕಡೆಯ ಕಲ್ಲು ಯಾವುದು ಅಂತ ಪತ್ತೆ ಹಚ್ಚಿ ಅದನ್ನೂ ಹಾಗೇ ತೆಗೀರಿ. ಎರಡು ಬಾಯಿ ಅಗಲ, ನಡು ಸಣ್ಣ ಆದ್ರೆ ಒಳ್ಳೇದೇ, ಡಮರು ಥರ ಕಚ್ಚಿಕೊಳ್ಳುತ್ತೆ. ತೂತು ಓರೆ ಆದ್ರೂ ಪರವಾಗಿಲ್ಲ. 1:2:4 ಕಾಂಕ್ರೀಟು (ಸಿಮೆಂಟು, ಮರಳು, ಜಲ್ಲಿ) ಅರ್ಧ ತುಂಬಿ, ಎರಡೂ ತುದಿ ಕೊಕ್ಕೆ ಮಾಡಿದ 8 ಎಂ.ಎಂ. ಕಂಬಿ ಇಟ್ಟು, ಪೂರ್ತಿ ತುಂಬಿ. ಕಂಬಿ ಹೊರಗೆ ಕಂಡ್ರೆ ತುಕ್ಕು ಗ್ಯಾರಂಟಿ. ಹತ್ತು ದಿನ ನೀರು ಚಿಮುಕಿಸಬೇಕು. ಅಕ್ಕಪಕ್ಕದ ತೂತು ಒಂದೇ ದಿನ ತೆಗೀಬೇಡಿ.

ಕೊನೆಗೆ ಬಾಗಿಲು-ಕಿಟಕಿ ತಲೆ ಮೇಲೆ ವೆಲ್ಡ್ ಮೆಶ್ (ಬೆಸೆದ ಕಂಬಿ ಬಲೆ) ಪಟ್ಟಿ, ಮೇಲೆ 1:3 ಸಿಮೆಂಟು ಎರಡು ಕೋಟ್. ಮೂಲೇಲಿ ಪಟ್ಟಿ ಕತ್ತರಿಸಿದ್ರೆ ಹಾಕಿದ್ದೂ ದಂಡ, ಬಿರಿಯೋದೇ ಮೂಲೇಲಿ. ಮೂಲೆ ಸುತ್ತ ತಿರುಗಿಸಿ ತಂದು, ತುದಿಗಳು ಒಂದಡಿಯಷ್ಟು ಒಂದರ ಮೇಲೊಂದು ಬರೋ ಹಾಗೆ ಕೂರಿಸಿ.

ಆನೆಕೊಂಡ_ಆರ್ಕಿ

ಎಲ್ಲರಿಗೂ ಧನ್ಯವಾದ. ಮೇಸ್ತ್ರಿಗಳೇ, ಕೊಂಡಿ ಹಾಕುವ ಬದಲು ಸಿಮೆಂಟು ಹಾಲನ್ನೇ ಪಂಪಿನಿಂದ ಗೋಡೆಯೊಳಗೆ ತುಂಬಿದರೆ ಆಗದೇ?

ಭಾರಲೆಕ್ಕ

ನಡುವೆ ಟೊಳ್ಳಿದ್ದು, ಗಾರೆ ಸುಣ್ಣದ್ದಾದರೆ ಆ ಸಿಮೆಂಟು ಹಾಲು (ಗ್ರೌಟ್) ಹರಿಯುತ್ತದೆ. ಮಣ್ಣು ತುಂಬಿದ್ದರೆ ತೂತಿನ ಬಾಯಲ್ಲೇ ಮುದ್ದೆಯಾಗಿ ನಿಲ್ಲುತ್ತದೆ, ಒತ್ತಡ ಹೆಚ್ಚಿಸಿದರೆ ಆಗಲೇ ಹೊಟ್ಟೆ ಬಿಟ್ಟ ಮುಖವನ್ನು ಆಚೆಗೆ ತಳ್ಳುತ್ತದೆ. ಸೆಮಿನಾರಿನಲ್ಲಿ ನೋತೊ ಕಂಬದ ಅಡ್ಡಕೊಯ್ತವನ್ನೂ ಹಿರಿಯೂರಿನ ಗೋಡೆಯ ಅಡ್ಡಕೊಯ್ತವನ್ನೂ ಒಂದೇ ಹಾಳೆಯಲ್ಲಿ, ಒಂದೇ ಅಳತೆಗೆ ಬರೆಯಿರಿ.

ಗುಂಡುದಾರ_ಮೇಸ್ತ್ರಿ (ಹಿರಿಯೂರು)

ಹೌದು, ಮಣ್ಣುಗೋಡೆಗೆ ಪಂಪ್ ಬೇಡ. ಗೋಡೆ ಬರೆಯೋವಾಗ ಥ್ರೂ ಕಲ್ಲು ಇಲ್ಲದ ಜಾಗ ಖಾಲಿ ಬಿಡಬೇಡಿ, ಅಲ್ಲಿ ಚೂರುಕಲ್ಲು-ಮಣ್ಣನ್ನೇ ಬರೀರಿ.